ತುಸು ತಾಳಿ, ಕೆಲಸ ನಡೆದಿದೆ!

ಕಂಪ್ಯೂಟರಿನ ತೆರೆಯ ಮೇಲೆ ಮೂಡುವ ಪುಟ್ಟ ಮರಳು ಗಡಿಯಾರ ನಿಜವಾಗಿ ಹೇಳುವುದೇನು? ಅದರ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು?

ತೊಂಬತ್ತರ ದಶಕದ ಯಾವುದೇ ತಾಲ್ಲೂಕು ಕೇಂದ್ರದ ಡಿ.ಟಿ.ಪಿ. ಅಂಗಡಿಯನ್ನು ನೆನಪಿಸಿಕೊಳ್ಳಿ. ಸಂಜೆ ಏಳರ ಹೊತ್ತು. ಮಗಳ ಲಗ್ನಪತ್ರಿಕೆ ಮಾಡಿಸಲು ಬಂದ ತಂದೆ ಬೆಂಚಿನ ತುದಿಯಲ್ಲಿ ಕುಳಿತಿದ್ದಾರೆ. ಕೀಲಿಮಣೆಯ ಮುಂದಿರುವ ಹುಡುಗಿ ಒಂದೂವರೆ ಗಂಟೆಯಿಂದ ಅಕ್ಷರ ಜೋಡಿಸಿದ್ದಾಳೆ. ಗಣಪತಿಯ ಚಿತ್ರ ಮೇಲೆ ಕೂತಿದೆ. ‘ಸುಖಾಗಮನ ಬಯಸುವವರು’ ಎಂಬ ಪಟ್ಟಿ ಕೆಳಗೆ ಸೇರಿದೆ. ಇನ್ನು ಕಡತವನ್ನು ಉಳಿಸಿಟ್ಟರೆ ಮುಗಿಯಿತು. ಅವಳು ‘ಸೇವ್’ ಒತ್ತುತ್ತಾಳೆ. ತೆರೆಯ ಮೇಲಿನ ಬಾಣ ಮಾಯವಾಗಿ ಅದರ ಜಾಗದಲ್ಲಿ ಮರಳು ಗಡಿಯಾರವೊಂದು ನಿಲ್ಲುತ್ತದೆ. ಅದಕ್ಕೇ ಕಾಯುತ್ತಿದ್ದಂತೆ ಕರೆಂಟು ಹೋಗುತ್ತದೆ!

ಮೂಲೆಯ ಯು.ಪಿ.ಎಸ್. ಪೆಟ್ಟಿಗೆ ಕೀಂ ಕೀಂ ಎಂದು ಕೂಗತೊಡಗುತ್ತದೆ. ಬ್ಯಾಟರಿ ಹತ್ತು ನಿಮಿಷ ತಡೆದರೆ ಹೆಚ್ಚು. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಮರಳು ಗಡಿಯಾರ ಕದಲಲಿಲ್ಲ.

“ಆಯ್ತೇನಮ್ಮಾ?”

“ಸ್ವಲ್ಪ ಇರಿ ಸಾರ್, ಮಾಡ್ತಾ ಇದೆ.”

ನಿಜಕ್ಕೂ ಮಾಡುತ್ತಾ ಇದೆಯೇ? ಅಥವಾ ಯಂತ್ರ ಎಂದೋ ಸತ್ತು ಈ ಚಿತ್ರವೊಂದು ಮಾತ್ರ ಉಳಿದಿದೆಯೇ? ಕಾಯುವುದೋ, ಗುಂಡಿ ಒತ್ತಿ ಆರಿಸುವುದೋ? ಕೆಲಸ ನಡೆಯುತ್ತಿರುವಾಗಲೇ ಆರಿಸಿದರೆ ಕಡತ ಅರ್ಧಂಬರ್ಧವಾಗಿ ಕೆಡುತ್ತದೆ. ಸತ್ತ ಯಂತ್ರದ ಮುಂದೆ ಕಾದು ಕುಳಿತರೆ ಬ್ಯಾಟರಿ ಮುಗಿದು ಒಂದೂವರೆ ಗಂಟೆಯ ಶ್ರಮ ನೀರು ಪಾಲು. ಹುಡುಗಿಯ ಕೈಯಲ್ಲಿರುವ ಆಧಾರ ಒಂದೇ: ಹೆಬ್ಬೆರಳಿನ ಉಗುರಿಗಿಂತ ಚಿಕ್ಕದಾದ ಆ ಚಿತ್ರ.

ಹೂಂಗುಟ್ಟುವ ಯಂತ್ರ

ಅಜ್ಜಿ ಕಥೆ ಹೇಳುವಾಗ ಮೊಮ್ಮಗು ‘ಹೂಂ’ ಎನ್ನುತ್ತಿರಬೇಕು ಎಂಬುದು ನಮ್ಮ ಮನೆಗಳ ಹಳೆಯ ಕಟ್ಟಳೆ. ಆ ‘ಹೂಂ’ಗೆ ಬೇರೆ ಅರ್ಥವೇನೂ ಇಲ್ಲ. ಕೇಳುತ್ತಿದ್ದೇನೆ, ಎಚ್ಚರವಾಗಿದ್ದೇನೆ, ಮುಂದುವರಿಸು ಎಂದಷ್ಟೇ. ಅದು ನಿಂತಿತೆಂದರೆ ಮಗು ನಿದ್ದೆ ಹೋಯಿತೆಂದು ಅಜ್ಜಿ ತಿಳಿಯುತ್ತಾಳೆ. ಟ್ರಂಕ್‌ಕಾಲ್ ಕಾಲದಲ್ಲಿ ಆ ಕಡೆಯವರು ಎರಡು ಕ್ಷಣ ಸುಮ್ಮನಾದರೂ ಈ ಕಡೆಯವರು ‘ಹಲೋ ಹಲೋ’ ಎಂದು ಕೂಗುತ್ತಿದ್ದುದೂ ಇದೇ ಕಾರಣಕ್ಕೆ.

ಮನುಷ್ಯ ಯಂತ್ರದೊಡನೆ ವ್ಯವಹರಿಸುವಾಗಲೂ ಈ ಸ್ವಭಾವವನ್ನು ಬಿಟ್ಟುಕೊಡುವುದಿಲ್ಲ. ಐ.ಬಿ.ಎಂ. ಕಂಪನಿಯಲ್ಲಿದ್ದ ರಾಬರ್ಟ್ ಮಿಲ್ಲರ್ 1968ರಲ್ಲಿ ಮಂಡಿಸಿದ ಪ್ರಬಂಧವೊಂದು ಈ ವಿಷಯದಲ್ಲಿ ಇಂದಿಗೂ ಮೂಲ ಗ್ರಂಥದಂತೆ ಉಲ್ಲೇಖವಾಗುತ್ತದೆ. ಮನುಷ್ಯ ಮತ್ತು ಗಣಕದ ನಡುವಿನ ವ್ಯವಹಾರವನ್ನು ಅವರು ಸಂಭಾಷಣೆಯೆಂದೇ ಕರೆದರು. ಉತ್ತರ 15 ಸೆಕೆಂಡಿಗಿಂತ ತಡವಾದರೆ ಸಂಭಾಷಣೆ ಮುರಿದುಬೀಳುತ್ತದೆ, ಅಷ್ಟು ಹೊತ್ತು ಹಿಡಿಯುವುದಾದರೆ ಕುಳಿತವನನ್ನು ಬೇರೆ ಕೆಲಸಕ್ಕೆ ಬಿಟ್ಟುಬಿಡಬೇಕು ಎಂಬುದು ಅವರ ವಾದ.

ಮುಂದೆ 1993ರಲ್ಲಿ ಡೆನ್ಮಾರ್ಕಿನ ತಜ್ಞ ಯಾಕೋಬ್ ನೀಲ್ಸನ್ ಇದನ್ನೇ ಮೂರು ಸುಲಭ ಅಂಕಿಗಳಲ್ಲಿ ಹಿಡಿದಿಟ್ಟರು. ಉತ್ತರ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಬಂದರೆ ಕೆಲಸ ತಕ್ಷಣ ಆಯಿತೆಂದೇ ಅನಿಸುತ್ತದೆ. ಒಂದು ಸೆಕೆಂಡಿನವರೆಗೆ ತಡವಾದದ್ದು ಗೊತ್ತಾದರೂ ಯೋಚನೆಯ ಎಳೆ ಕಡಿಯುವುದಿಲ್ಲ. 10 ಸೆಕೆಂಡು ದಾಟಿದರೆ ಗಮನವೇ ಬೇರೆಡೆಗೆ ಹೋಗುತ್ತದೆ. ಈ ಒಂದರಿಂದ ಹತ್ತು ಸೆಕೆಂಡುಗಳ ನಡುವಿನ ಕಿರಿದಾದ ಓಣಿಯೇ ಮರಳು ಗಡಿಯಾರದ ನಿಜವಾದ ಸಾಮ್ರಾಜ್ಯ.

ಹಾಗಾದರೆ ಮರಳು ಗಡಿಯಾರ ಬರುವುದಕ್ಕೆ ಮೊದಲು? ಡಾಸ್ ಕಾಲದಲ್ಲಿ ಆಜ್ಞೆ ಟೈಪು ಮಾಡಿ ಎಂಟರ್ ಒತ್ತಿದರೆ ಎಷ್ಟೋ ವೇಳೆ ತೆರೆ ಮೌನ ತಾಳುತ್ತಿತ್ತು. ಆಗ ‘ಹೂಂ’ ಎನ್ನುತ್ತಿದ್ದುದು ಫ್ಲಾಪಿ ಡ್ರೈವಿನ ಕರಕರ ಸದ್ದು ಮತ್ತು ಅದರ ಮೂತಿಯ ಮೇಲಿನ ಪುಟ್ಟ ದೀಪ. ಪಳಗಿದವರು ತೆರೆಯನ್ನು ನೋಡುವ ಬದಲು ಸದ್ದನ್ನು ಆಲಿಸುತ್ತಿದ್ದರು. ಆ ಸದ್ದು ಯಾರೂ ವಿನ್ಯಾಸ ಮಾಡಿದ್ದಲ್ಲ, ಕೆಲಸದಿಂದಲೇ ಹುಟ್ಟಿದ್ದು. ಆದ್ದರಿಂದಲೇ ಅದಕ್ಕೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಮರಳಿನಿಂದ ಬಣ್ಣದ ಚೆಂಡಿನವರೆಗೆ

ನಮ್ಮಲ್ಲಿ ನೆರಳಚ್ಚು ಪ್ರತಿಗೇ ಹೆಸರಾಗಿ ನಿಂತಿರುವ ಝೆರಾಕ್ಸ್ ಕಂಪನಿ 1981ರಲ್ಲಿ ‘ಸ್ಟಾರ್’ ಎಂಬ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಕಡತಗಳನ್ನು ಚಿತ್ರಗಳಾಗಿ ತೋರಿಸಿ ಅವುಗಳನ್ನು ಮೌಸಿನಿಂದ ಮುಟ್ಟಿ ಕೆಲಸ ಮಾಡಿಸುವ ಪದ್ಧತಿಯನ್ನು ಕಚೇರಿಗಳಿಗೆ ತಂದ ಮೊದಲಿಗರಲ್ಲಿ ಅದೂ ಒಂದು. ಯಂತ್ರ ಕೆಲಸದಲ್ಲಿ ಮುಳುಗಿದಾಗ ಬಾಣ ಮರಳು ಗಡಿಯಾರವಾಗುವ ಉಪಾಯವೂ ಅದರಲ್ಲಿತ್ತು. 1983ರಲ್ಲಿ ಬಂದ ಆಪಲ್ ಕಂಪನಿಯ ‘ಲೀಸಾ’ ಇದೇ ಹಾದಿ ಹಿಡಿಯಿತು. 1985ರ ಮೊದಲ ವಿಂಡೋಸ್‌ನಲ್ಲೂ ಮರಳು ಗಡಿಯಾರವೇ ಇತ್ತು. ಜಗತ್ತಿನ ಬಹುಪಾಲು ಜನ ಇದನ್ನು ಕಂಡದ್ದು ವಿಂಡೋಸ್ ಮೂಲಕವೇ.

ಆಪಲ್ 1984ರಲ್ಲಿ ಮೆಕಿಂತೋಷ್ ಹೊರತಂದಾಗ ಮರಳನ್ನು ಬಿಟ್ಟು ಕೈಗಡಿಯಾರಕ್ಕೆ ಬಂತು. ಅದನ್ನು ಬರೆದವರು ಸೂಸನ್ ಕೇರ್ ಎಂಬ ಕಲಾವಿದೆ. ಚೌಕುಳಿ ಹಾಳೆಯ ಮೇಲೆ ಒಂದೊಂದು ಮನೆಯನ್ನೂ ತುಂಬಿ ಅವರು ಮೆಕಿಂತೋಷ್‌ನ ಚಿತ್ರಗಳನ್ನು ರೂಪಿಸಿದರು. ಕರ್ಸರಿಗೆ ಸಿಗುತ್ತಿದ್ದ ಜಾಗ ಅಡ್ಡ 16, ಉದ್ದ 16, ಒಟ್ಟು 256 ಚುಕ್ಕಿ ಮಾತ್ರ. ಬಣ್ಣವೂ ಇಲ್ಲ, ಕಪ್ಪು ಬಿಳುಪಿನಲ್ಲೇ ಎಲ್ಲ. ಇಷ್ಟರಲ್ಲೇ ಪಟ್ಟಿ, ಮುಖ, ಮುಳ್ಳು ಎಲ್ಲವೂ ಇರುವ ಗಡಿಯಾರವನ್ನು ಮೂಡಿಸುವುದು ರಂಗೋಲಿಯ ಚುಕ್ಕಿ ಲೆಕ್ಕದಷ್ಟೇ ಕಟ್ಟುನಿಟ್ಟಿನ ಕೆಲಸ.

ಬಣ್ಣದ ಚೆಂಡಿನ ಕಥೆ ಇನ್ನೂ ಸ್ವಾರಸ್ಯದ್ದು. ಆಪಲ್ ಬಿಟ್ಟು ಹೊರಬಂದ ಸ್ಟೀವ್ ಜಾಬ್ಸ್ ‘ನೆಕ್ಸ್ಟ್’ ಎಂಬ ಕಂಪನಿ ಕಟ್ಟಿ 1988ರಲ್ಲಿ ಒಂದು ಕಂಪ್ಯೂಟರ್ ತಂದರು. ಅದರಲ್ಲಿ ದಾಸ್ತಾನಿಗೆ ಬಳಸಿದ್ದು 256 ಮೆಗಾಬೈಟಿನ ಬೆಳಕಿನ ತಟ್ಟೆ. ತಟ್ಟೆ ನಿಧಾನ, ಕಾಯುವುದು ಅನಿವಾರ್ಯ. ಕಾಯುವಾಗ ತಿರುಗುವ ಅದೇ ತಟ್ಟೆಯ ಚಿತ್ರವನ್ನು ಕರ್ಸರಾಗಿ ತೋರಿಸಿದರು. ಮುಂದೆ ಆಪಲ್ ಕಂಪನಿ ನೆಕ್ಸ್ಟನ್ನು ಕೊಂಡಿತು. ಅದರ ತಂತ್ರಾಂಶದ ಮೇಲೆ ಕಟ್ಟಿದ ‘ಮ್ಯಾಕ್ ಓಎಸ್ ಟೆನ್’ 2001ರಲ್ಲಿ ಬಂತು. ತಟ್ಟೆ ಎಂದೋ ಮೂಲೆ ಸೇರಿತ್ತು; ಅದರ ಚಿತ್ರ ಮಾತ್ರ ಬಣ್ಣ ಬಳಿದುಕೊಂಡು ತಿರುಗುವ ಚೆಂಡಾಗಿ ಉಳಿಯಿತು. ಇತ್ತ ವಿಂಡೋಸ್ ಕೂಡ 2007ರಲ್ಲಿ ಜನರ ಕೈಗೆ ಬಂದ ‘ವಿಸ್ಟಾ’ ಆವೃತ್ತಿಯಲ್ಲಿ ಮರಳು ಗಡಿಯಾರಕ್ಕೆ ವಿದಾಯ ಹೇಳಿ ನೀಲಿ ಬಳೆಯನ್ನು ತಂದಿತು.

ಇಷ್ಟೆಲ್ಲ ವೇಷಗಳಲ್ಲಿ ಒಂದು ವಿಚಿತ್ರವಿದೆ. ನಿಜವಾದ ಮರಳು ಗಡಿಯಾರವನ್ನು ನೋಡಿದರೆ ಎಷ್ಟು ಹೊತ್ತು ಕಳೆಯಿತು, ಎಷ್ಟು ಉಳಿದಿದೆ ಎಂಬುದು ಗೊತ್ತಾಗುತ್ತದೆ. ತೆರೆಯ ಮರಳು ಗಡಿಯಾರ ಹೊತ್ತನ್ನು ಅಳೆಯುವುದೇ ಇಲ್ಲ! ಬಳೆಗಂತೂ ಆದಿಯೂ ಇಲ್ಲ, ಅಂತ್ಯವೂ ಇಲ್ಲ.

ಒಬ್ಬನೇ ಮಾಣಿಯ ಹೋಟೆಲು

ಕರ್ಸರು ಏಕೆ ನಿಂತುಬಿಡುತ್ತದೆ ಎಂದು ತಿಳಿಯಲು ಒಂದು ಚಿಕ್ಕ ಹೋಟೆಲನ್ನು ಕಲ್ಪಿಸಿಕೊಂಡರೆ ಸಾಕು. ಅಲ್ಲಿರುವುದು ಒಬ್ಬನೇ ಮಾಣಿ. ಗಿರಾಕಿಗಳ ಬೇಡಿಕೆಗಳೆಲ್ಲ ಚೀಟಿಗಳಾಗಿ ಒಂದು ಮೊಳೆಗೆ ಸಿಕ್ಕಿಕೊಂಡಿವೆ. ಮಾಣಿ ಒಂದೊಂದೇ ಚೀಟಿ ತೆಗೆದು ಓದುತ್ತಾನೆ, ಅದರಂತೆ ಮಾಡುತ್ತಾನೆ, ಮತ್ತೆ ಮೊಳೆಯ ಬಳಿ ಬರುತ್ತಾನೆ. ನೀರು ಕೊಡುವುದು, ಬಿಲ್ಲು ತರುವುದು ಇವೆಲ್ಲ ಕ್ಷಣದ ಕೆಲಸ. ಆದರೆ ಯಾರೋ ಮಸಾಲೆ ದೋಸೆ ಕೇಳಿದರು. ಮಾಣಿ ತಾನೇ ಅಡುಗೆಮನೆಗೆ ಹೋಗಿ ಹಿಟ್ಟು ರುಬ್ಬಲು ಕುಳಿತ! ಹೊರಗೆ ಗಿರಾಕಿಗಳು ಎಷ್ಟು ಕರೆದರೂ ಕೇಳುವವರಿಲ್ಲ. ಚೀಟಿಗಳು ಮಾತ್ರ ಮೊಳೆಗೆ ಬೀಳುತ್ತಲೇ ಇವೆ.

ಕಿಟಕಿಗಳುಳ್ಳ ತಂತ್ರಾಂಶಗಳು ಕೆಲಸ ಮಾಡುವುದೂ ಹೀಗೆಯೇ. ಮೌಸಿನ ಒಂದೊಂದು ಒತ್ತು, ಕೀಲಿಯ ಒಂದೊಂದು ಬಡಿತ ಒಂದೊಂದು ಚೀಟಿ. ಅವನ್ನು ಸರದಿಯಲ್ಲಿ ಓದುವುದು, ಕಿಟಕಿಯನ್ನು ಬರೆಯುವುದು ಎಲ್ಲವೂ ಒಂದೇ ಎಳೆಯ ಹೊಣೆ. ಆ ಎಳೆ ದೊಡ್ಡ ಕಡತವೊಂದನ್ನು ಓದಲು ಕುಳಿತರೆ ಉಳಿದದ್ದೆಲ್ಲ ಸ್ತಬ್ಧ. ಬೇಸತ್ತು ಕುಳಿತವರು ಹತ್ತು ಸಲ ಗುಂಡಿ ಒತ್ತಿದರೆ ಆ ಹತ್ತೂ ಒತ್ತುಗಳು ಸರದಿಯಲ್ಲಿ ಕಾದಿದ್ದು, ಯಂತ್ರ ಎಚ್ಚೆತ್ತೊಡನೆ ಒಂದರ ಹಿಂದೊಂದು ಜಾರಿಯಾಗಬಹುದು. ಒಂದು ಪ್ರತಿ ಬೇಕಿದ್ದಲ್ಲಿ ಹತ್ತು ಪ್ರತಿ ಅಚ್ಚಾಗಿ ಬರುವುದು ಹೀಗೆ.

1992ರ ವಿಂಡೋಸ್ 3.1ರಲ್ಲಿ ಪಾಡು ಇನ್ನೂ ಕಠಿಣ. ಅಲ್ಲಿ ಪ್ರತಿಯೊಂದು ತಂತ್ರಾಂಶವೂ ತಾನಾಗಿ ದಾರಿ ಬಿಟ್ಟುಕೊಟ್ಟರೆ ಮಾತ್ರ ಇನ್ನೊಂದಕ್ಕೆ ಸರದಿ. ಒಂದು ಪಟ್ಟು ಹಿಡಿದು ಕುಳಿತರೆ ಇಡೀ ಯಂತ್ರವೇ ಕಾಯಬೇಕು. ಆದರೂ ಮೌಸನ್ನು ಆಡಿಸಿದರೆ ಮರಳು ಗಡಿಯಾರ ತೆರೆಯ ತುಂಬ ಓಡಾಡುತ್ತಿತ್ತು. ಕರ್ಸರನ್ನು ಸರಿಸುವ ಕೆಲಸ ತಂತ್ರಾಂಶದ್ದಲ್ಲ. ಅದನ್ನು ಯಂತ್ರದ ಇನ್ನೊಂದು ಭಾಗ ನೋಡಿಕೊಳ್ಳುತ್ತದೆ. ಹಾಗಾಗಿ ಕರ್ಸರು ಓಡಾಡಿತೆಂದ ಮಾತ್ರಕ್ಕೆ ಕೆಲಸ ನಡೆದಿದೆ ಎಂದು ಅರ್ಥವಲ್ಲ. 1995ರ ವಿಂಡೋಸ್ ಬಂದ ಮೇಲೆ ಹೊಸ ಬಗೆಯ ತಂತ್ರಾಂಶಗಳಿಂದ ಸರದಿಯನ್ನು ಬಲವಂತವಾಗಿ ಕಿತ್ತುಕೊಳ್ಳುವ ಅಧಿಕಾರ ವ್ಯವಸ್ಥೆಗೇ ಸಿಕ್ಕಿತು. ಅದರಲ್ಲಿ ಬಾಣದ ಪಕ್ಕದಲ್ಲೇ ಸಣ್ಣ ಮರಳು ಗಡಿಯಾರವಿರುವ ಇನ್ನೊಂದು ಕರ್ಸರೂ ಕಾಣುತ್ತಿತ್ತು. ಹಿಂದೆ ಕೆಲಸ ನಡೆದಿದೆ, ನಿಮ್ಮ ಪಾಡಿಗೆ ನೀವು ಮುಂದುವರಿಯಬಹುದು ಎಂಬುದು ಅದರ ಅರ್ಥ.

ಮೂರು ಸಾಲಿನ ಮರ್ಯಾದೆ

ಕರ್ಸರನ್ನು ಬದಲಿಸುವುದು ಪ್ರೋಗ್ರಾಂ ಬರೆಯುವವರಿಗೆ ಕಷ್ಟದ ಕೆಲಸವೇನಲ್ಲ. ಮರಳು ಗಡಿಯಾರ ತೋರಿಸು; ಕೆಲಸ ಮಾಡು; ಬಾಣವನ್ನು ಮರಳಿಸು. ಮೂರೇ ಸಾಲು. ಆದರೆ ಈ ಮೂರು ಸಾಲಿನಲ್ಲಿ ಎಡವಿದವರಿಗೆ ಲೆಕ್ಕವಿಲ್ಲ.

ನಡುವಿನ ಸಾಲಿನಲ್ಲಿ ಏನೋ ತಪ್ಪಾಯಿತು ಎನ್ನೋಣ. ಫ್ಲಾಪಿ ಕೆಟ್ಟಿತ್ತು, ಕಡತ ಸಿಗಲಿಲ್ಲ. ಪ್ರೋಗ್ರಾಂ ಅಲ್ಲಿಂದಲೇ ಹೊರಗೆ ಹಾರಿತು. ಮೂರನೆಯ ಸಾಲು ಬರಲೇ ಇಲ್ಲ. ಯಂತ್ರ ಕೈಕಟ್ಟಿ ಕುಳಿತಿದ್ದರೂ ತೆರೆಯ ಮೇಲೆ ಮರಳು ಗಡಿಯಾರ ಹಾಗೆಯೇ ನಿಂತಿದೆ! ಕುಳಿತವರು ಊಟಕ್ಕೆ ಹೋಗಿ ಬಂದರೂ ಅದು ಇಳಿಯುವುದಿಲ್ಲ. ಇದಕ್ಕೆ ಮದ್ದಾಗಿಯೇ ಅನೇಕ ಪ್ರೋಗ್ರಾಂ ಭಾಷೆಗಳಲ್ಲಿ ‘ಏನೇ ಆಗಲಿ, ಕೊನೆಗೆ ಇದನ್ನು ಮಾಡಿಯೇ ತೀರು’ ಎಂದು ಬರೆಯುವ ಏರ್ಪಾಡು ಇದೆ. ಬಾಣವನ್ನು ಮರಳಿಸುವ ಸಾಲನ್ನು ಅಲ್ಲಿ ಇಟ್ಟರೆ ಕೆಲಸ ಕೆಟ್ಟರೂ ಕರ್ಸರು ಕೆಡುವುದಿಲ್ಲ.

ಇನ್ನೊಂದು ತಪ್ಪು ಇದಕ್ಕೆ ತಿರುಗುಮುರುಗು. ದೊಡ್ಡ ಕೆಲಸದೊಳಗೆ ಒಂದು ಚಿಕ್ಕ ಕೆಲಸವಿದೆ. ಚಿಕ್ಕದು ತನ್ನ ಪಾಲು ಮುಗಿಸಿ ಬಾಣವನ್ನು ಮರಳಿಸಿಬಿಡುತ್ತದೆ. ದೊಡ್ಡದು ಇನ್ನೂ ನಡೆದಿದೆ. ಬಾಣ ಕಂಡಿತೆಂದು ಕುಳಿತವರು ಗುಂಡಿ ಒತ್ತುತ್ತಾರೆ, ಉತ್ತರವಿಲ್ಲ. ಜಾಣರು ಬದಲಿಸುವ ಮೊದಲು ಹಳೆಯ ಕರ್ಸರು ಯಾವುದಿತ್ತೆಂದು ಗುರುತಿಟ್ಟುಕೊಂಡು, ಮುಗಿದ ಮೇಲೆ ಅದನ್ನೇ ಮರಳಿಸುತ್ತಾರೆ. ಅತಿ ಉಪಚಾರವೂ ಒಳ್ಳೆಯದಲ್ಲ. ಕಣ್ಣು ಮಿಟುಕಿಸುವಷ್ಟರ ಕೆಲಸಕ್ಕೂ ಮರಳು ಗಡಿಯಾರ ತಂದರೆ ಕರ್ಸರು ಮಿಣಮಿಣ ಎಂದು ಕಣ್ಣಿಗೆ ಹಿಂಸೆ.

ಎಲ್ಲಕ್ಕಿಂತ ಒಳ್ಳೆಯ ಉಪಾಯವೆಂದರೆ ಅಡುಗೆಮನೆಗೆ ಬೇರೆ ಭಟ್ಟರನ್ನು ನೇಮಿಸುವುದು. ದೀರ್ಘ ಕೆಲಸಕ್ಕೆ ಪ್ರತ್ಯೇಕ ಎಳೆಯೊಂದನ್ನು ಹೂಡಿ, ಮುಖ್ಯ ಎಳೆಯನ್ನು ಗಿರಾಕಿಗಳ ನಡುವೆಯೇ ಇರಿಸಿದರೆ ಕಿಟಕಿ ಸ್ತಬ್ಧವಾಗುವುದಿಲ್ಲ. ‘ಬೇಡ, ನಿಲ್ಲಿಸು’ ಎಂಬ ಗುಂಡಿಗೆ ಅರ್ಥ ಬರುವುದೂ ಆಗಲೇ. ಮಾಣಿಯೇ ಒಳಗಿದ್ದರೆ ‘ದೋಸೆ ಬೇಡ’ ಎಂಬ ಚೀಟಿಯನ್ನು ಓದುವವರು ಯಾರು?

ಎಷ್ಟು ಹೊತ್ತು ಎನ್ನಬಾರದೇ?

ಹತ್ತು ಸೆಕೆಂಡು ದಾಟುವ ಕೆಲಸಕ್ಕೆ ಬರೀ ‘ತಾಳಿ’ ಎನ್ನುವುದು ಸಾಲದು. ಆಗ ಕಾಣಬೇಕಾದದ್ದು ಶೇಕಡಾ ಲೆಕ್ಕದಲ್ಲಿ ತುಂಬುತ್ತ ಹೋಗುವ ಪಟ್ಟಿ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಬ್ರಾಡ್ ಮೈಯರ್ಸ್ 1985ರಲ್ಲಿ ಈ ಬಗ್ಗೆ ಪ್ರಬಂಧ ಮಂಡಿಸಿದರು. ಕೆಲಸ ಎಷ್ಟು ಮುಗಿಯಿತೆಂದು ತೋರಿಸುವ ಪಟ್ಟಿ ಇರುವುದನ್ನೇ ಜನ ಬಯಸುತ್ತಾರೆಂದು ಅವರ ಪ್ರಯೋಗದಲ್ಲಿ ಕಂಡುಬಂತು. ಬಸ್ ನಿಲ್ದಾಣದಲ್ಲಿ ‘ಇನ್ನು ಇಪ್ಪತ್ತು ನಿಮಿಷಕ್ಕೆ ಬರುತ್ತೆ’ ಎಂದವರ ಮಾತು ಕೇಳಿ ಕಾಫಿಗೆ ಹೋಗಿಬರಬಹುದು. ‘ಬರುತ್ತೆ ಇರ್ರೀ’ ಎಂದರೆ ಕದಲುವಂತಿಲ್ಲ. ಕಾಯುವ ಸಂಕಟ ಹೊತ್ತಿನದಷ್ಟೇ ಅಲ್ಲ, ಗೊತ್ತಿಲ್ಲದಿರುವುದರದ್ದು.

ಆದರೆ ಎಷ್ಟು ಹೊತ್ತೆಂದು ಎಲ್ಲ ಕೆಲಸಗಳಿಗೂ ಹೇಳಲಾಗದು. ನೂರು ಕಡತ ನಕಲು ಮಾಡುವುದಾದರೆ ಐವತ್ತು ಮುಗಿದಾಗ ಅರ್ಧ ಎನ್ನಬಹುದು. ದೂರದ ಯಂತ್ರವೊಂದರ ಉತ್ತರಕ್ಕೆ ಕಾಯುವಾಗ ಅರ್ಧ ಯಾವುದು, ಮುಕ್ಕಾಲು ಯಾವುದು? ಅದಕ್ಕೇ ಎಷ್ಟೋ ಪಟ್ಟಿಗಳು ಶೇಕಡಾ 99ರವರೆಗೆ ಕುದುರೆಯಂತೆ ಓಡಿ ಅಲ್ಲಿ ಎತ್ತಿನಂತೆ ಮಲಗಿಬಿಡುತ್ತವೆ.

ಲೀಲಾವತಿಯ ಮುತ್ತು

ನಮ್ಮಲ್ಲಿ ಮುಹೂರ್ತ ಅಳೆಯಲು ಮರಳಿರಲಿಲ್ಲ, ಗಳಿಗೆ ಬಟ್ಟಲಿತ್ತು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಬಿಡುತ್ತಿದ್ದರು. ನೀರು ಒಳಗೆ ಏರಿ ಬಟ್ಟಲು ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. 1114ರಲ್ಲಿ ಹುಟ್ಟಿದ ಗಣಿತಜ್ಞ ಭಾಸ್ಕರಾಚಾರ್ಯರ ಬಗ್ಗೆ ಈ ಬಟ್ಟಲಿಗೆ ಅಂಟಿದ ದಂತಕಥೆಯೊಂದಿದೆ. ಅವರ ಊರು ನಮ್ಮ ವಿಜಯಪುರವೇ ಎಂದು ಹೇಳುವವರೂ ಇದ್ದಾರೆ. ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ‘ಲೀಲಾವತಿ’ ಗ್ರಂಥವನ್ನು ಪಾರ್ಸಿಗೆ ತಂದಾಗ ಈ ಕಥೆಯನ್ನು ಹೇಳಿದ್ದಾನೆ. ಮಗಳು ಲೀಲಾವತಿಯ ಮದುವೆಗೆ ಒಂದೇ ಒಂದು ಶುಭ ಗಳಿಗೆ ಇತ್ತಂತೆ. ಬಟ್ಟಲನ್ನು ತೇಲಬಿಟ್ಟು ಎಲ್ಲರೂ ಕಾದರು. ಕುತೂಹಲದಿಂದ ಬಗ್ಗಿ ನೋಡಿದ ಮದುಮಗಳ ಉಡುಪಿನ ಮುತ್ತೊಂದು ಕಳಚಿ ಬಟ್ಟಲಿಗೆ ಬಿದ್ದು ತೂತು ಮುಚ್ಚಿತು. ಬಟ್ಟಲು ತೇಲುತ್ತಲೇ ಇತ್ತು. ಎಲ್ಲರೂ ಕಾಯುತ್ತಲೇ ಇದ್ದರು. ಮುಹೂರ್ತ ಮೀರಿಹೋಗಿತ್ತು.

ನಿಂತುಹೋದ ಮರಳು ಗಡಿಯಾರದ ಸಮಸ್ಯೆ ಇದಕ್ಕಿಂತ ಬೇರೆಯಲ್ಲ. ತೇಲುವ ಬಟ್ಟಲು ಇನ್ನೂ ತುಂಬುತ್ತಿದೆಯೋ, ತೂತು ಮುಚ್ಚಿದೆಯೋ ದಡದಲ್ಲಿ ನಿಂತವರಿಗೆ ತಿಳಿಯದು. ಯಾವುದೇ ಪ್ರೋಗ್ರಾಂ ಎಂದಾದರೂ ಮುಗಿಯುತ್ತದೆಯೇ ಇಲ್ಲವೇ ಎಂದು ಎಲ್ಲ ಸಂದರ್ಭಗಳಲ್ಲೂ ತಪ್ಪದೆ ಹೇಳಬಲ್ಲ ವಿಧಾನವೇ ಇರಲಾರದು ಎಂಬುದು ಗಣಿತದ ಸಾಬೀತಾದ ಸತ್ಯ. ಬ್ರಿಟನ್ನಿನ ಅಲನ್ ಟ್ಯೂರಿಂಗ್ 1936ರಲ್ಲಿ ಬರೆದ ಪ್ರಬಂಧ ಅದರ ತಳಹದಿ. ಇಂದಿನ ವಿಂಡೋಸ್ ಐದು ಸೆಕೆಂಡುಗಳವರೆಗೆ ಚೀಟಿಗಳನ್ನು ಓದದ ಕಿಟಕಿಗೆ ‘ನಾಟ್ ರೆಸ್ಪಾಂಡಿಂಗ್’ ಎಂದು ಹಣೆಪಟ್ಟಿ ಹಚ್ಚುತ್ತದೆ. ಅದು ಸಾವಿನ ಸುದ್ದಿಯಲ್ಲ. ಮಾಣಿ ಹೊರಗೆ ಬಂದಿಲ್ಲ ಎಂದಷ್ಟೇ ವ್ಯವಸ್ಥೆಗೆ ಗೊತ್ತು. ಒಳಗೆ ದೋಸೆ ಹುಯ್ಯುತ್ತಿದ್ದಾನೋ, ಮೂರ್ಛೆ ಬಿದ್ದಿದ್ದಾನೋ ಅದಕ್ಕೂ ಗೊತ್ತಿಲ್ಲ.

ಹಾಗಾದರೆ ನಂಬುವಂಥ ಕರ್ಸರು ಇಲ್ಲವೇ? 1987ರಲ್ಲಿ ಆಪಲ್ ಕಂಪನಿಯ ‘ಹೈಪರ್‌ಕಾರ್ಡ್’ ತಂತ್ರಾಂಶದಲ್ಲಿ ಕಪ್ಪು ಬಿಳುಪಿನ ಚೆಂಡೊಂದು ಇತ್ತು. ಅದು ತಾನಾಗಿ ತಿರುಗುತ್ತಿರಲಿಲ್ಲ. ಕೆಲಸದ ನಡುನಡುವೆ ಪ್ರೋಗ್ರಾಂ ಆಜ್ಞೆ ಕೊಟ್ಟಾಗಲೆಲ್ಲ ಒಂದಿಷ್ಟು ಹೊರಳುತ್ತಿತ್ತು. ಕೆಲಸ ನಿಂತರೆ ಚೆಂಡೂ ನಿಂತಿತು. ಮಗು ತಾನೇ ಹೇಳುವ ‘ಹೂಂ’ ಅದು. ಇಂದಿನ ಬಳೆಗಳನ್ನೂ ಬಣ್ಣದ ಚೆಂಡನ್ನೂ ತಿರುಗಿಸುವುದು ವ್ಯವಸ್ಥೆ. ತಂತ್ರಾಂಶ ಮಲಗಿದ್ದರೂ ಅವು ನುಣ್ಣಗೆ ತಿರುಗುತ್ತಲೇ ಇರುತ್ತವೆ. ನೋಡಲು ಚೆಂದ, ಸಾಕ್ಷಿಗೆ ಬಾರದು.

ಇಂದು ಆ ಬಳೆ ಎಲ್ಲರ ಅಂಗೈಯಲ್ಲಿದೆ. ದಿನಸಿ ಅಂಗಡಿಯಲ್ಲಿ ಮೊಬೈಲಿನಿಂದ ಹಣ ಕಳಿಸುವವರು ‘ಸುತ್ತುತ್ತಾ ಇದೆ’ ಎಂದು ಅಂಗಡಿಯವರ ಮುಖ ನೋಡುತ್ತಾರೆ. ಹಣ ಹೋಯಿತೋ, ಇಲ್ಲವೋ? ಮತ್ತೆ ಕಳಿಸಿದರೆ ಎರಡು ಸಲ ಹೋದೀತು. ಕಳಿಸದಿದ್ದರೆ ಅಂಗಡಿಯವರು ಬಿಡುವುದಿಲ್ಲ. ಇಲ್ಲಿಯೂ ಬಳೆಯನ್ನು ನಂಬುವುದಕ್ಕಿಂತ ಬ್ಯಾಂಕಿನ ಸಂದೇಶವನ್ನೋ ಖಾತೆಯ ಲೆಕ್ಕವನ್ನೋ ನೋಡಿ ಮುಂದುವರಿಯುವುದೇ ಕ್ಷೇಮ. ಕೆಲಸದಿಂದಲೇ ಹುಟ್ಟಿದ ಗುರುತು ಯಾವುದೋ ಅದನ್ನು ಹುಡುಕಬೇಕು.

ಡಿ.ಟಿ.ಪಿ. ಅಂಗಡಿಯ ಪಳಗಿದ ಕೈಗಳಿಗೆ ಈ ಗುಟ್ಟು ಗೊತ್ತಿತ್ತು. ಯು.ಪಿ.ಎಸ್. ಕೂಗುತ್ತಿರುವಾಗ ಹುಡುಗಿ ತೆರೆಯನ್ನು ಬಿಟ್ಟು ಮೇಜಿನ ಕೆಳಗೆ ಬಗ್ಗುತ್ತಾಳೆ. ಕತ್ತಲಲ್ಲಿ ಪೆಟ್ಟಿಗೆಯ ಮುಂದಿನ ಪುಟ್ಟ ದೀಪ ಮಿಣುಕುತ್ತಿದೆ. ಹಾರ್ಡ್‌ಡಿಸ್ಕ್ ಸಣ್ಣಗೆ ಕಟಕಟ ಎನ್ನುತ್ತಿದೆ. ಗುಂಡಿಯ ಬಳಿ ಹೋದ ಬೆರಳನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ಇನ್ನೂ ಒಂದು ನಿಮಿಷ. ಮರಳು ಗಡಿಯಾರ ಮಾಯವಾಗಿ ಬಾಣ ಮೂಡುತ್ತದೆ.

“ಆಯ್ತು ಸಾರ್. ಕರೆಂಟ್ ಬಂದ ಮೇಲೆ ಪ್ರಿಂಟ್ ಕೊಡ್ತೀನಿ.”